ಹಿತ್ತಲ ಗಿಡದ ಹೆಸರು ಹಿಡಿಯುವ ಬಗೆ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಸದಾ ಕಣ್ಣೆದುರಿಗೇ ಇರುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ಇಂಗಿತ. ಗಾದೆಯ ಮಾತು ಹಾಗಿರಲಿ. ಹಿತ್ತಲಲ್ಲಿರುವ ಗಿಡ ಮದ್ದೋ, ವಿಷವೋ, ಎರಡೂ ಅಲ್ಲವೋ ಎಂದು ಹೇಳಬೇಕಾದರೆ ಅದು ಯಾವ ಗಿಡ ಎಂಬುದು ಮೊದಲು ಗೊತ್ತಾಗಬೇಕಲ್ಲವೆ? ಹೆಸರು ಗೊತ್ತಿಲ್ಲದ ಹೂಗಿಡವೊಂದು ಮನೆಯ ಕೈತೋಟದಲ್ಲಿದ್ದರೆ ಅದನ್ನು ಗುರುತಿಸುವುದು ಹೇಗೆ? ಇದಕ್ಕೆ ಸಸ್ಯವಿಜ್ಞಾನಿಯೇ ಆಗಿರಬೇಕೆಂದಿಲ್ಲ. ಕ್ರಮವಾಗಿ ನೋಡುವ, ನೋಡಿದ್ದನ್ನು ಬರೆದಿಡುವ ಅಭ್ಯಾಸವಿದ್ದರೆ ಸಾಕು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಕಲಿಸುವುದೂ ಇದನ್ನೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳ ಅಂಗಳದಲ್ಲಿ, ಬೇಲಿಯ ಬದಿಯಲ್ಲಿ ಒಂದು ಗಿಡ ಕಾಣಸಿಗುತ್ತದೆ. ಎತ್ತರ ಎರಡರಿಂದ ಐದು–ಆರು ಮೀಟರ್. ಎಲೆ ಸಪೂರ, ಹೊಳಪು, ವರ್ಷವಿಡೀ ಹಸಿರು. ಹೂ ಹಳದಿ, ಆಲಿಕೆಯ ಆಕಾರ. ಕಾಯಿ ಹಸಿರು, ಉದ್ದಕ್ಕಿಂತ ಅಗಲವೇ ಹೆಚ್ಚು, ಬಲಿತಾಗ ಕಪ್ಪು. ಎಲೆ ಕಿತ್ತರೆ ಹಾಲು ಸುರಿಯುತ್ತದೆ. ಕಪ್ಪುಮಣ್ಣಿಗೂ ಜಂಬಿಟ್ಟಿಗೆಯ ಕೆಂಪುಮಣ್ಣಿಗೂ ಒಗ್ಗಿಕೊಳ್ಳುವ ಗಿಡ. ಬೇಸಿಗೆಯಲ್ಲಿ ನೀರು ಹಾಕದಿದ್ದರೂ ಬಾಡದು. ಆಡು ಬಾಯಿ ಹಾಕದು. ಮನೆಯನ್ನು ಕೊಂಡವರಿಗೆ ಮೊದಲಿದ್ದವರು ನೆಟ್ಟ ಗಿಡದ ಹೆಸರು ತಿಳಿಯದು. ಯಾರನ್ನು ಕೇಳಬೇಕು?

ಒಂದು ಗಿಡ, ಹಲವು ಹೆಸರು

ನೆರೆಹೊರೆಯವರನ್ನು ಕೇಳುವುದು ಸಹಜ. ಆದರೆ ಬೀದರ್ ಜಿಲ್ಲೆ ನಾಲ್ಕು ಭಾಷೆಗಳು ಕೂಡುವ ನೆಲ. ಕನ್ನಡದವರು ಇದನ್ನು 'ಹಳದಿ ಕಣಗಿಲೆ' ಎನ್ನಬಹುದು, 'ಗಣಗಿಲೆ' ಎನ್ನಬಹುದು, 'ಕರವೀರ' ಎನ್ನಲೂಬಹುದು. ಮರಾಠಿಯವರು 'ಪಿವಳಾ ಕಣ್ಹೇರ' ಅಥವಾ 'ಬಿಟ್ಟಿ' ಎನ್ನುತ್ತಾರೆ. ಉರ್ದು, ಹಿಂದಿ ಆಡುವವರು 'ಪೀಲಾ ಕನೇರ್' ಎನ್ನುತ್ತಾರೆ. ತೆಲುಗಿನವರಿಗೆ ಇದು 'ಪಚ್ಚ ಗನ್ನೇರು'. ತೆಲುಗಿನಲ್ಲಿ 'ಪಚ್ಚ' ಎಂದರೆ ಹಳದಿಯೂ ಹೌದು. ಕನ್ನಡದ ಕಿವಿಗೆ ಅದು ಹಸಿರು! ಹೆಸರನ್ನು ನಂಬಿ ಹೊರಟವರು ಹಸಿರು ಹೂ ಹುಡುಕಬೇಕಾದೀತು.

ಇನ್ನೊಂದು ತೊಡಕೂ ಇದೆ. 'ಕರವೀರ', 'ಕಣಗಿಲೆ' ಎಂಬ ಹೆಸರುಗಳು ಮೂಲತಃ ಕೆಂಪು, ಬಿಳಿ, ಗುಲಾಬಿ ಬಣ್ಣದ ಹೂ ಬಿಡುವ ಬೇರೊಂದು ಗಿಡಕ್ಕೆ ಸೇರಿದವು. ಆ ಗಿಡ ಭಾರತದಲ್ಲಿ ಬಹು ಹಳೆಯದು. ಹಳದಿ ಹೂವಿನದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. ಎಲೆಗಳ ಹೋಲಿಕೆಯಿಂದ ಹೊಸಬನಿಗೆ ಹಳಬನ ಹೆಸರೇ ಅಂಟಿಕೊಂಡಿತು. ಹೀಗೆ ಒಂದು ಗಿಡಕ್ಕೆ ಹಲವು ಹೆಸರು, ಒಂದು ಹೆಸರಿಗೆ ಹಲವು ಗಿಡ. ರೂಢಿಯ ಹೆಸರುಗಳು ಭಾಷೆಯ ಸಂಪತ್ತು, ನಿಜ. ಆದರೆ ಗುರುತಿಸುವಿಕೆಗೆ ಅವಷ್ಟೇ ಸಾಲವು.

ಯಾವುದನ್ನು ನೋಡಬೇಕು?

ಹೂಗಿಡ ಎಂದೊಡನೆ ನಮ್ಮ ಕಣ್ಣು ಹೋಗುವುದು ಬಣ್ಣದ ಕಡೆಗೆ. ಗುರುತಿಸುವಿಕೆಯಲ್ಲಿ ಬಣ್ಣ ಬಹಳ ದುರ್ಬಲ ಸಾಕ್ಷಿ. ಒಂದೇ ಪ್ರಭೇದದ ಕಣಗಿಲೆಯಲ್ಲಿ ಬಿಳಿ, ಗುಲಾಬಿ, ಕೆಂಪು ಹೂಗಳಿವೆ. ಗಿಡದ ಎತ್ತರವೂ ನಂಬಲರ್ಹವಲ್ಲ. ನೀರು, ಗೊಬ್ಬರ, ಬಿಸಿಲಿಗೆ ಅನುಗುಣವಾಗಿ ಅದು ಬದಲಾಗುತ್ತದೆ. ಪರಿಸರ ಬದಲಾದರೂ ಬದಲಾಗದ ಲಕ್ಷಣಗಳೇ ನಮಗೆ ಬೇಕು. ಅವು ಯಾವುವು?

ಮೊದಲನೆಯದು ಎಲೆಗಳ ಜೋಡಣೆ. ಕಾಂಡದ ಒಂದು ಗಂಟಿನಲ್ಲಿ ಒಂದೇ ಎಲೆಯಿದೆಯೇ, ಎದುರುಬದುರಾಗಿ ಎರಡಿವೆಯೇ, ಸುತ್ತಲೂ ಮೂರು–ನಾಲ್ಕಿವೆಯೇ? ಎಲೆ ಸರಳವೇ ಅಥವಾ ಬೇವಿನಂತೆ ಕಿರುಎಲೆಗಳಾಗಿ ಒಡೆದ ಸಂಯುಕ್ತ ಎಲೆಯೇ?

ಎರಡನೆಯದು ಹೂವಿನ ರಚನೆ. ಹೊರಸುತ್ತಿನ ಪುಷ್ಪಪತ್ರಗಳೆಷ್ಟು, ದಳಗಳೆಷ್ಟು? ದಳಗಳು ಬಿಡಿಯಾಗಿವೆಯೇ, ಬುಡದಲ್ಲಿ ಕೂಡಿ ಕೊಳವೆಯಾಗಿವೆಯೇ? ಕೇಸರಗಳೆಷ್ಟು, ಅವು ಎಲ್ಲಿ ಅಂಟಿಕೊಂಡಿವೆ? ಅಂಡಾಶಯ ದಳಗಳು ಹುಟ್ಟುವ ಜಾಗಕ್ಕಿಂತ ಮೇಲಿದೆಯೇ, ಕೆಳಗಿದೆಯೇ? ಹೂವನ್ನು ಬ್ಲೇಡಿನಿಂದ ಉದ್ದುದ್ದ ಸೀಳಿ, ಹತ್ತರಷ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ.

ಮೂರನೆಯದು ಕಾಯಿ ಮತ್ತು ಬೀಜ. ಹೂ ಮೋಸಗೊಳಿಸಿದರೂ ಕಾಯಿ ಮೋಸಗೊಳಿಸುವುದು ಅಪರೂಪ. ನಾಲ್ಕನೆಯದು ಸಸ್ಯಕ್ಷೀರ, ಅಂದರೆ ಹಾಲು. ಗಿಡದ ಒಳಗಿನ ಸೂಕ್ಷ್ಮ ನಾಳಗಳಲ್ಲಿ ಇದು ಒತ್ತಡದಲ್ಲಿರುತ್ತದೆ. ಆದ್ದರಿಂದಲೇ ಎಲೆ ಮುರಿದ ಕೂಡಲೇ ಚಿಮ್ಮಿ ಬರುತ್ತದೆ. ಅದರಲ್ಲಿ ತೇಲುವ ಅತಿಸಣ್ಣ ಕಣಗಳು ಎಲ್ಲ ಬಣ್ಣದ ಬೆಳಕನ್ನೂ ಚದರಿಸುವುದರಿಂದ, ಹಸುವಿನ ಹಾಲಿನಂತೆಯೇ, ಅದು ಬಿಳಿಯಾಗಿ ಕಾಣುತ್ತದೆ. ಆಲ–ಅತ್ತಿಗಳ ಕುಟುಂಬ, ಕಳ್ಳಿಗಳ ಕುಟುಂಬ, ಕಣಗಿಲೆ–ಎಕ್ಕಗಳ ಕುಟುಂಬ ಹೀಗೆ ಕೆಲವೇ ಕುಟುಂಬಗಳಲ್ಲಿ ಹಾಲು ಸಾಮಾನ್ಯ. ಆದ್ದರಿಂದ ಒಂದು ಹನಿ ಹಾಲು ನೂರಾರು ಕುಟುಂಬಗಳನ್ನು ಒಮ್ಮೆಗೇ ಪಟ್ಟಿಯಿಂದ ತೆಗೆದುಹಾಕುತ್ತದೆ.

ಎಷ್ಟು ಪ್ರಶ್ನೆಗಳು ಬೇಕು?

ಪ್ರಪಂಚದಲ್ಲಿ ಈವರೆಗೆ ತಿಳಿದಿರುವ ಹೂಬಿಡುವ ಸಸ್ಯಗಳ ಪ್ರಭೇದಗಳು ಮೂರು ಲಕ್ಷಕ್ಕೂ ಹೆಚ್ಚು. ಇಷ್ಟರಲ್ಲಿ ಒಂದನ್ನು ಹುಡುಕಲು ಎಷ್ಟು ಪ್ರಶ್ನೆ ಕೇಳಬೇಕು? 'ಹೌದು' ಅಥವಾ 'ಅಲ್ಲ' ಎಂಬ ಉತ್ತರವಿರುವ ಪ್ರತಿ ಪ್ರಶ್ನೆಯೂ ಉಳಿದ ಪಟ್ಟಿಯನ್ನು ಸರಿಯಾಗಿ ಅರ್ಧ ಮಾಡುತ್ತದೆ ಎಂದಿಟ್ಟುಕೊಳ್ಳಿ. 10 ಪ್ರಶ್ನೆಗಳಿಂದ 1,024 ಪ್ರಭೇದಗಳನ್ನು ಬೇರ್ಪಡಿಸಬಹುದು. 19 ಪ್ರಶ್ನೆಗಳಿಂದ 5,24,288 ಪ್ರಭೇದಗಳನ್ನು! ಅಂದರೆ ಪ್ರಶ್ನೆಗಳು ಸರಿಯಾಗಿದ್ದರೆ 19 ಸಾಕು. ವಾಸ್ತವದಲ್ಲಿ ಪ್ರಶ್ನೆಗಳು ಪಟ್ಟಿಯನ್ನು ಅಷ್ಟು ಸಮನಾಗಿ ಒಡೆಯುವುದಿಲ್ಲ. ಕೆಲವು ಹೆಚ್ಚು ಬೇಕಾಗುತ್ತವೆ. ಆದರೂ ಲೆಕ್ಕಾಚಾರ ಧೈರ್ಯ ಕೊಡುವಂಥದ್ದೇ.

ಹೀಗೆ ಎರಡೆರಡು ದಾರಿಗಳನ್ನು ಮುಂದಿಡುವ ಪ್ರಶ್ನಾವಳಿಗೆ ಸಸ್ಯಶಾಸ್ತ್ರದಲ್ಲಿ 'ಕೀಲಿ' ಎಂದು ಹೆಸರು. ಫ್ರಾನ್ಸಿನ ಸಸ್ಯಗಳ ಬಗ್ಗೆ ಲಮಾರ್ಕ್ 1778ರಲ್ಲಿ ಹೊರತಂದ ಗ್ರಂಥದಲ್ಲಿ ಈ ವಿಧಾನವನ್ನು ವ್ಯವಸ್ಥಿತವಾಗಿ ಬಳಸಿದ. ಜೀವವಿಕಾಸದ ಚರ್ಚೆಯಲ್ಲಿ ನಾವು ಕೇಳುವ ಲಮಾರ್ಕನೇ ಈತ. ನಮ್ಮ ಗಿಡದ ಮಟ್ಟಿಗೆ, ಅದರೊಂದಿಗೆ ಗೊಂದಲವಾಗಬಹುದಾದ ಕೈತೋಟದ ನಾಲ್ಕು ಗಿಡಗಳಿಗೆ ಮಾತ್ರ ಅನ್ವಯಿಸುವ ಒಂದು ಚಿಕ್ಕ ಕೀಲಿ ಇಲ್ಲಿದೆ.

1. (ಅ) ಎಲೆ ಕಿತ್ತರೆ ಹಾಲು ಬರುವುದಿಲ್ಲ. ಸಂಯುಕ್ತ ಎಲೆಗಳು ಎದುರುಬದುರು. ಕಿರುಎಲೆಯ ಅಂಚು ಗರಗಸದಂತೆ. ಕಾಯಿ ಉದ್ದ, ಬೀಜಕ್ಕೆ ತೆಳುರೆಕ್ಕೆ – ಟೆಕೋಮ.
(ಆ) ಹಾಲು ಅಥವಾ ಹಾಲಿನಂಥ ರಸ ಬರುತ್ತದೆ. ಎಲೆ ಸರಳ, ಅಂಚು ನುಣುಪು – 2ಕ್ಕೆ ಹೋಗಿ.

2. (ಅ) ಎಲೆಗಳು ಕಾಂಡದ ಮೇಲೆ ಒಂದೊಂದಾಗಿ ಸುರುಳಿ ಸಾಲಿನಲ್ಲಿವೆ; ಬದಿಯ ನಾಳಗಳು ಕಣ್ಣಿಗೆ ಸುಲಭವಾಗಿ ಕಾಣವು; ಕಾಯಿಯೊಳಗೆ ಗಟ್ಟಿ ಓಟೆ – ಹಳದಿ ಕಣಗಿಲೆ.
(ಆ) ಒಂದೊಂದು ಗಂಟಿನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಎಲೆಗಳು – 3ಕ್ಕೆ ಹೋಗಿ.

3. (ಅ) ನೆಟ್ಟಗಿನ ಪೊದೆ. ಹೂವಿನ ಗಂಟಲಲ್ಲಿ ಸೀಳುಸೀಳಾದ ಕಿರುದಳಗಳಂಥ ಕಿರೀಟ. ಕಾಯಿ ಜೋಡಿ ಕೋಡುಗಳಂತೆ, ಬೀಜಕ್ಕೆ ರೋಮದ ಕುಚ್ಚು – ಕಣಗಿಲೆ.
(ಆ) ಹಬ್ಬುವ ಸ್ವಭಾವ. ಹೂ ಅಗಲವಾದ ಹಳದಿ ಗಂಟೆಯಂತೆ. ಕಾಯಿಯ ಮೈಮೇಲೆ ಮುಳ್ಳು – ಅಲ್ಲಮಂಡ.

ಈ ಕೀಲಿಯಲ್ಲಿ ಬಣ್ಣ ಒಮ್ಮೆ ಮಾತ್ರ, ಅದೂ ಕೊನೆಯಲ್ಲಿ ಬಂದಿದೆ ಎಂಬುದನ್ನು ಗಮನಿಸಿ. ನಾವು ಆರಿಸಿಕೊಂಡ ಗಿಡ 1 (ಆ), 2 (ಅ) ಎಂಬ ಎರಡೇ ಹೆಜ್ಜೆಗಳಲ್ಲಿ ಸಿಕ್ಕಿಬಿಟ್ಟಿತು. ಅದರ ವೈಜ್ಞಾನಿಕ ಹೆಸರು ಕ್ಯಾಸ್ಕಬೆಲ ತೆವೆಟಿಯ. ಹಳೆಯ ಕಣಗಿಲೆಯದು ನೀರಿಯಂ ಓಲಿಯಾಂಡರ್. ಎರಡೂ ಅಪೋಸೈನೇಸೀ ಕುಟುಂಬಕ್ಕೆ ಸೇರಿದವು. ನಂದಿಬಟ್ಟಲು, ನಿತ್ಯಪುಷ್ಪ, ದೇವಕಣಗಿಲೆಗಳೂ ಇದೇ ಕುಟುಂಬದವು.

ದಳಗಳ ತಿರುಚು: ಎಡವೇ? ಬಲವೇ?

ಕೀಲಿಯಿಂದ ಬಂದ ಉತ್ತರವನ್ನು ಬೇರೊಂದು ಸ್ವತಂತ್ರ ವಿಧಾನದಿಂದ ಪರೀಕ್ಷಿಸಬೇಕು. ಈ ಕುಟುಂಬದಲ್ಲಿ ಅದಕ್ಕೊಂದು ಸೊಗಸಾದ ಲಕ್ಷಣವಿದೆ. ನಂದಿಬಟ್ಟಲ ಹೂವನ್ನು ಮುಖ ನಿಮ್ಮತ್ತ ಇರುವಂತೆ ಹಿಡಿಯಿರಿ. ಅದು ಮಕ್ಕಳ ಗಿರಗಟ್ಟಲೆಯಂತೆ ಕಾಣುತ್ತದೆ. ಮೊಗ್ಗಿನಲ್ಲಿ ಪ್ರತಿ ದಳದ ಒಂದು ಅಂಚು ಪಕ್ಕದ ದಳದ ಮೇಲೂ ಇನ್ನೊಂದು ಅಂಚು ಮತ್ತೊಂದು ಪಕ್ಕದ ದಳದ ಅಡಿಯಲ್ಲೂ ಇರುವುದರಿಂದ ಈ ತಿರುಚು ಉಂಟಾಗುತ್ತದೆ. ಯಾವುದಾದರೂ ಒಂದು ದಳವನ್ನು ಮೇಲ್ಗಡೆಗೆ ತಂದುಕೊಳ್ಳಿ. ಅದರ ಎಡ ಅಂಚು ಮೇಲಿದೆಯೇ, ಬಲ ಅಂಚು ಮೇಲಿದೆಯೇ? ಬರೆದುಕೊಳ್ಳಿ.

ಹೂವನ್ನು ಹಿಂದಿನಿಂದ ನೋಡಿದರೆ ಉತ್ತರ ಬದಲಾಗುತ್ತದೆಯೇ? ಹಿಂದಿನಿಂದ ನೋಡುವಾಗ ಎಡ–ಬಲ ಅದಲುಬದಲಾಗುತ್ತವೆ. ಜೊತೆಗೆ ಮೇಲು–ಅಡಿಗಳೂ ಅದಲುಬದಲಾಗುತ್ತವೆ. ಎರಡು ಬದಲಾವಣೆಗಳು ಸೇರಿ ಉತ್ತರ ಹಾಗೆಯೇ ಉಳಿಯುತ್ತದೆ. ಸ್ಕ್ರೂ ಒಂದನ್ನು ಯಾವ ತುದಿಯಿಂದ ನೋಡಿದರೂ ಅದರ ತಿರುಪು ಬದಲಾಗದಷ್ಟೆ! ಕನ್ನಡಿಯಲ್ಲಿ ನೋಡಿದರೆ ಮಾತ್ರ ತಿರುಪು ಮಗುಚುತ್ತದೆ. ಹೂವಿಗೂ ಹೀಗೆಯೇ.

ಈಗ ಸ್ವಾರಸ್ಯವಿರುವುದು ಇಲ್ಲಿ. ಅಪೋಸೈನೇಸೀ ಕುಟುಂಬದಲ್ಲಿ ಒಂದು ಪ್ರಭೇದದ ಹೂಗಳೆಲ್ಲ ಒಂದೇ ಕಡೆಗೆ ತಿರುಚಿರುತ್ತವೆ. ನಂದಿಬಟ್ಟಲು, ನಿತ್ಯಪುಷ್ಪ, ದೇವಕಣಗಿಲೆ, ಹಳದಿ ಕಣಗಿಲೆ ಈ ನಾಲ್ಕರ ತಿರುಚು ಒಂದೇ ದಿಕ್ಕಿನದು. ಕಣಗಿಲೆಯದು ಅದಕ್ಕೆ ವಿರುದ್ಧ! ಎಲೆಯಿಂದ ಅಣ್ಣತಮ್ಮಂದಿರಂತೆ ಕಾಣುವ ಎರಡು ಗಿಡಗಳು ಕುಟುಂಬದ ಬೇರೆ ಬೇರೆ ಶಾಖೆಗಳಿಗೆ ಸೇರಿದವು ಎಂಬುದನ್ನು ದಳದ ಅಂಚು ಹೇಳಿಬಿಡುತ್ತದೆ. ಇದನ್ನು ನೋಡಲು ಒಂಟಿಸುತ್ತಿನ ಹೂಗಳನ್ನೇ ಆರಿಸಿಕೊಳ್ಳಿ. ಸುತ್ತುಗಳು ಹೆಚ್ಚಾಗಿರುವ ತೋಟದ ತಳಿಗಳಲ್ಲಿ ತಿರುಚು ಸ್ಪಷ್ಟವಾಗಿರದು.

ಎಲ್ಲ ಕುಟುಂಬಗಳಲ್ಲೂ ಈ ಶಿಸ್ತು ಇಲ್ಲ. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಟಿ.ಎ. ಡೇವಿಸ್ 1960ರ ದಶಕದಲ್ಲಿ ಸಸ್ಯಗಳ ಎಡ–ಬಲಗಳನ್ನು ಅಧ್ಯಯನ ಮಾಡಿದರು. ತೆಂಗಿನ ಗರಿಗಳ ಸುರುಳಿ, ದಾಸವಾಳದ ಕುಟುಂಬದ ಹೂಗಳ ದಳ ಇವುಗಳನ್ನು ಅವರು ಅಪಾರ ತಾಳ್ಮೆಯಿಂದ ಎಣಿಸಿದರು. ದಾಸವಾಳದ ಕುಟುಂಬದಲ್ಲಿ ಒಂದೇ ಗಿಡದಲ್ಲಿ ಎಡಹೂ, ಬಲಹೂ ಎರಡೂ ಹೆಚ್ಚುಕಡಿಮೆ ಸಮಸಮವಾಗಿ ಬಿಡುತ್ತವೆ. ನಿಮ್ಮ ಊರಿನ ಪುಂಡಿ, ಹತ್ತಿ ಇದೇ ಕುಟುಂಬದವು. ಹೊಲದಲ್ಲಿ 100 ಹತ್ತಿಹೂ ಎಣಿಸಿದರೆ ಎಡಹೂ 50ರ ಆಸುಪಾಸಿನಲ್ಲಿರಬೇಕು. ನಾಣ್ಯ ಚಿಮ್ಮುವ ಲೆಕ್ಕದಂತೆ ಇಲ್ಲಿ ಪ್ರಮಾಣವಿಚಲನೆ 5. ಆದ್ದರಿಂದ 40ರಿಂದ 60ರೊಳಗೆ ಬರುವ ಸಂಭವ ಶೇಕಡಾ 95ಕ್ಕೂ ಹೆಚ್ಚು. ಹಳದಿ ಕಣಗಿಲೆಯ 10 ಹೂ ಕಿತ್ತು ನೋಡಿದರೆ ಹತ್ತೂ ಒಂದೇ ಕಡೆಗೆ ತಿರುಚಿರುತ್ತವೆ. ಇದು ಬರೀ ಆಕಸ್ಮಿಕವಾಗಿದ್ದರೆ ಅದರ ಸಂಭವ 512ರಲ್ಲಿ 1 ಮಾತ್ರ. ಹತ್ತೇ ಹೂಗಳಿಂದ ಎಷ್ಟು ಗಟ್ಟಿಯಾದ ತೀರ್ಮಾನ, ನೋಡಿ!

ಹೆಸರು ತಪ್ಪಿದರೆ ಏನಾಗುತ್ತದೆ?

ಇಷ್ಟೆಲ್ಲ ಶ್ರಮ ಏಕೆ ಎಂದು ನೀವು ಕೇಳಬಹುದು. ಕಣಗಿಲೆ, ಹಳದಿ ಕಣಗಿಲೆ ಎರಡೂ ವಿಷಸಸ್ಯಗಳು. ಎಲೆ, ಹೂ, ತೊಗಟೆ, ಬೀಜ, ಹಾಲು ಎಲ್ಲದರಲ್ಲೂ ಹೃದಯದ ಮೇಲೆ ಪರಿಣಾಮ ಬೀರುವ ಗ್ಲೈಕೊಸೈಡ್‌ಗಳಿವೆ. ಹೃದಯದ ಜೀವಕೋಶಗಳ ಪೊರೆಯಲ್ಲಿ ಒಂದು ಬಗೆಯ ಪಂಪು ಇದೆ. ಅದು ಪ್ರತಿ ಆವರ್ತನೆಯಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೃದಯ ಮಿಡಿಯಲು ಬೇಕಾದ ವಿದ್ಯುದ್ವಿಭವ ಉಳಿಯುವುದು ಈ ಪಂಪಿನಿಂದ. ಗ್ಲೈಕೊಸೈಡ್ ಇದನ್ನು ತಡೆಯುತ್ತದೆ. ಮಿಡಿತದ ಲಯ ತಪ್ಪುತ್ತದೆ. ಡಿಜಿಟಾಲಿಸ್ ಗಿಡದ ಇಂಥದೇ ವಸ್ತುವನ್ನು ಹೃದ್ರೋಗಕ್ಕೆ ಬಳಸುವ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿಯೇ ಬರೆದ. ವೈದ್ಯರ ಅಳತೆಯಲ್ಲಿ ಅದು ಮದ್ದು; ಅಳತೆಯಿಲ್ಲದೆ ವಿಷ.

2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆ ಕಾರಣವೆಂಬ ಶಂಕೆ ಎದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನು ನಿಲ್ಲಿಸಿದವು. ಮಲಯಾಳದಲ್ಲಿ ಇದರ ಹೆಸರು 'ಅರಳಿ'. ಕನ್ನಡದಲ್ಲಿ ಅರಳಿ ಎಂದರೆ ಕಟ್ಟೆಯ ಮೇಲಿನ ಅಶ್ವತ್ಥ! ಎರಡೂ ಭಾಷೆಗಳನ್ನು ಆಡುವ ಕಾಸರಗೋಡಿನ ಮನೆಯೊಂದರಲ್ಲಿ 'ಅರಳಿ ವಿಷ' ಎಂಬ ಸುದ್ದಿ ಯಾವ ಗಿಡದ ಮೇಲೆ ಬೀಳಬೇಕು? ಹೆಸರಿನ ಗೊಂದಲ ಬರೀ ಪಂಡಿತರ ಚರ್ಚೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದ್ದರಿಂದ ಶಿಕ್ಷಕರು ಮಕ್ಕಳಿಗೆ ಎರಡು ಮಾತು ಖಚಿತವಾಗಿ ಹೇಳಬೇಕು. ಗುರುತಿಸಲೆಂದು ಯಾವ ಗಿಡವನ್ನೂ ರುಚಿ ನೋಡಬಾರದು. ಹಾಲು ಕಣ್ಣಿಗೆ, ಬಾಯಿಗೆ ತಾಗದಂತೆ ಎಚ್ಚರವಹಿಸಿ ಕೈ ತೊಳೆದುಕೊಳ್ಳಬೇಕು. ಇಂಥ ಗಿಡದ ಭಾಗವನ್ನು ಯಾರಾದರೂ ನುಂಗಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಜೊತೆಗೆ ಆ ಗಿಡದ ಎಲೆ, ಹೂ, ಕಾಯಿ ಇರುವ ಒಂದು ರೆಂಬೆಯನ್ನೂ ಒಯ್ಯಬೇಕು. ವೈದ್ಯರಿಗೆ ಅದು ಹತ್ತು ಮಾತಿಗಿಂತ ಹೆಚ್ಚು ಉಪಯುಕ್ತ.

ಇದೇ ಕುಟುಂಬದ ನಿತ್ಯಪುಷ್ಪದ ಕಥೆ ಇನ್ನೊಂದು ಬಗೆಯದು. ಅದರಿಂದ ಪಡೆದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ವಸ್ತುಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು. ಹಾಗೆಂದು ಅದರ ಎಲೆ ಅಗಿಯಬಾರದು; ಜೀವಕೋಶಗಳ ವಿಭಜನೆಯನ್ನು ತಡೆಯುವ ವಸ್ತು ಆರೋಗ್ಯವಂತ ಕೋಶಗಳನ್ನೂ ಬಿಡದು.

ವೈಜ್ಞಾನಿಕ ಹೆಸರೂ ಬದಲಾಗುತ್ತದೆಯೇ?

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಹಳದಿ ಕಣಗಿಲೆಗೆ ಸರ್ಬೆರ ತೆವೆಟಿಯ ಎಂದು ಹೆಸರಿಟ್ಟ. ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ಗೆ ಹೋಗಿಬಂದ ಫ್ರಾನ್ಸಿನ ಸನ್ಯಾಸಿ ಆಂದ್ರೆ ತೆವೆಯ ನೆನಪು ಅದರಲ್ಲಿದೆ. ಮುಂದೆ ಅದು ತೆವೆಟಿಯ ಪೆರುವಿಯಾನ ಆಯಿತು. 1980ರಲ್ಲಿ ಕ್ಯಾಸ್ಕಬೆಲ ತೆವೆಟಿಯ ಆಯಿತು. ಹಾಗಾದರೆ ವೈಜ್ಞಾನಿಕ ಹೆಸರಿನಿಂದ ಏನು ಲಾಭ? ಊರಿನ ಹೆಸರು ಏಕೆ ಬದಲಾಯಿತೆಂದು ಹೇಳುವವರಿಲ್ಲ. ವೈಜ್ಞಾನಿಕ ಹೆಸರಿನ ಪ್ರತಿ ಬದಲಾವಣೆಗೂ ಕಾರಣ, ವರ್ಷ, ಮಾಡಿದವರ ಹೆಸರು ದಾಖಲಾಗಿರುತ್ತವೆ. ಹಳೆಯ ಯಾವ ಹೆಸರಿನಿಂದ ಹೊರಟರೂ ಅದೇ ಗಿಡವನ್ನು ತಲುಪಬಹುದು.

ಪುಸ್ತಕ, ಮೊಬೈಲು, ಒಣಗಿಸಿದ ಮಾದರಿ

ಈ ಭಾಗದ ಸಸ್ಯಗಳ ದಾಖಲೆಯಲ್ಲಿ ಬಹುಕಾಲ ಒಂದು ತೆರಪು ಇತ್ತು. ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದದ್ದು ಮುಂಬಯಿ ಪ್ರಾಂತದ ಸಸ್ಯಸಂಪತ್ತು. ಗ್ಯಾಂಬಲ್ 1915ರಲ್ಲಿ ಆರಂಭಿಸಿದ್ದು ಮದರಾಸು ಪ್ರಾಂತದ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬೀದರ್ ಜಿಲ್ಲೆ ಹೈದರಾಬಾದಿನ ಆಡಳಿತದಲ್ಲಿತ್ತು. ಆದ್ದರಿಂದ ಬಸವಕಲ್ಯಾಣ, ಹುಮನಾಬಾದ್‌ಗಳು ಎರಡೂ ಗ್ರಂಥಗಳ ಗಡಿಯ ಹೊರಗೆ ಉಳಿದವು. 2000ದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಪ್ರಕಟಿಸಿದ ನೆರೆಯ ಗುಲಬರ್ಗಾ ಜಿಲ್ಲೆಯ ಸಸ್ಯಸಂಪತ್ತು ಇಲ್ಲಿನವರಿಗೆ ಒಳ್ಳೆಯ ಆಸರೆ. ಆದರೆ ಒಂದು ಮಾತು ನೆನಪಿರಲಿ. ಇಂಥ ಗ್ರಂಥಗಳು ಮುಖ್ಯವಾಗಿ ತಾವಾಗಿ ಬೆಳೆಯುವ ಸಸ್ಯಗಳನ್ನು ಕುರಿತವು. ಕೈತೋಟದ ಗಿಡ ಮೆಕ್ಸಿಕೊದಿಂದಲೂ ಬಂದಿರಬಹುದು, ಮಡಗಾಸ್ಕರ್‌ನಿಂದಲೂ ಬಂದಿರಬಹುದು.

ಈಗ ಮೊಬೈಲಿನಲ್ಲಿ ಚಿತ್ರ ತೆಗೆದರೆ ಕ್ಷಣದಲ್ಲಿ ಹೆಸರು ಹೇಳುವ ತಂತ್ರಾಂಶಗಳಿವೆ. ಅವು ನಿಮ್ಮ ಚಿತ್ರವನ್ನು ತಾವು ಕಲಿತ ಲಕ್ಷಾಂತರ ಚಿತ್ರಗಳೊಂದಿಗೆ ಹೋಲಿಸುತ್ತವೆ. ಹಾಲು ಬಂತೇ, ಕಾಯಿಯೊಳಗೆ ಓಟೆ ಇದೆಯೇ ಎಂಬುದು ಚಿತ್ರಕ್ಕೆ ತಿಳಿಯದು. ಆದ್ದರಿಂದ ಅವು ಹೇಳುವ ಹೆಸರನ್ನು ಒಂದು ಊಹೆಯೆಂದು ಸ್ವೀಕರಿಸಿ, ಕೀಲಿಯಿಂದ ಪರೀಕ್ಷಿಸಿ. ಹೂವಿನ ಮುಖ, ಹೂವಿನ ಬದಿ, ಎಲೆಯ ಜೋಡಣೆ, ಕಾಯಿ ಎಂದು ನಾಲ್ಕು ಚಿತ್ರ ತೆಗೆದರೆ ಊಹೆಯೂ ಉತ್ತಮವಾಗುತ್ತದೆ.

ಕೊನೆಯ ಸಾಕ್ಷಿ ಒಣಗಿಸಿದ ಮಾದರಿಯೇ. ಹೂ, ಎಲೆ, ಸಾಧ್ಯವಾದರೆ ಕಾಯಿ ಇರುವ ಒಂದಡಿ ಉದ್ದದ ರೆಂಬೆಯನ್ನು ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಡಿ. ಮೊದಲ ಕೆಲವು ದಿನ ಪ್ರತಿದಿನ ಹಾಳೆ ಬದಲಿಸಿ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಮಾಸಿಹೋಗುವ ಸಂಗತಿಗಳನ್ನು, ಅಂದರೆ ಬಣ್ಣ, ವಾಸನೆ, ಹಾಲು, ಗಿಡದ ಎತ್ತರಗಳನ್ನು, ಆಗಲೇ ಚೀಟಿಯಲ್ಲಿ ಬರೆಯಿರಿ. ಸ್ಥಳ, ದಿನಾಂಕ, ಮನೆಯವರು ಕರೆಯುವ ಹೆಸರು, ಅದು ಯಾವ ಭಾಷೆಯದು ಎಂಬುದೂ ಇರಲಿ. ಇಂಥ ಮಾದರಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಕಲಬುರಗಿಯ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಬಹುದು.

ನಿಮ್ಮ ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಒಂದೊಂದು ಹೂಗಿಡದ ಲಕ್ಷಣಗಳನ್ನು, ಬಣ್ಣ ಮತ್ತು ಹೆಸರನ್ನು ಬಿಟ್ಟು, ಹತ್ತು ಸಾಲುಗಳಲ್ಲಿ ಬರೆದು ತರಲಿ. ಆ ಬರಹದಿಂದಲೇ ಉಳಿದವರು ಗಿಡವನ್ನು ಕಂಡುಹಿಡಿಯಲಿ. ಯಾರ ವಿವರಣೆಯಿಂದ ಗಿಡ ತಪ್ಪದೆ ಸಿಗುತ್ತದೋ ಅವರು ಚೆನ್ನಾಗಿ ನೋಡಿದ್ದಾರೆ ಎಂದರ್ಥ. ಎಲ್ಲವನ್ನೂ ಸೇರಿಸಿ ನಿಮ್ಮ ಓಣಿಯ ಕೈತೋಟಗಳಿಗೇ ಒಂದು ಕೀಲಿ ತಯಾರಿಸಿ, ವಿಷಸಸ್ಯಗಳ ಮುಂದೆ ಕೆಂಪು ಚುಕ್ಕೆ ಇಟ್ಟು, ಶಾಲೆಯ ಗೋಡೆಯ ಮೇಲೆ ಹಚ್ಚಿ.